ರಾತ್ರಿ ಬ್ಯಾಟರಿ ಎಲ್ಲಿ ಮಲಗುತ್ತದೆ? ಸೈಕಲ್ಲಿಗೆ ಲಿಥಿಯಂ ಪ್ಯಾಕ್ ಕಟ್ಟುವ ಮುನ್ನ

ಯುಗಾದಿ ಕಳೆದ ಮೇಲೆ ದಾವಣಗೆರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಅಂಗಡಿಯ ಷಟರ್ ಮುಟ್ಟಿದರೆ ಕೈ ಸುಡುತ್ತದೆ. ಅಂಥದ್ದೊಂದು ಮಧ್ಯಾಹ್ನ ಒಬ್ಬರು ಬ್ಯಾಟರಿ ಸೈಕಲ್ಲನ್ನು ತಳ್ಳಿಕೊಂಡು ನನ್ನ ಇನ್ವರ್ಟರ್ ರಿಪೇರಿ ಅಂಗಡಿಗೆ ಬಂದರು. ಹರಿಹರದಲ್ಲಿ ಕೆಲಸ, ದಿನವೂ ಹೋಗಿ ಬರುವುದಕ್ಕೆ 28 ಕಿಲೋಮೀಟರ್. ಹಿಂದಿನ ಚಕ್ರದಲ್ಲಿ 250 ವ್ಯಾಟ್‌ನ ಹಬ್ ಮೋಟಾರ್. ಕ್ಯಾರಿಯರ್ ಮೇಲೆ ಬಿಗಿದ ತಗಡಿನ ಡಬ್ಬಿಯಲ್ಲಿ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳು, ಅವುಗಳಲ್ಲಿ ಎರಡರ ಹೊಟ್ಟೆ ಉಬ್ಬಿತ್ತು.

“ಲಿಥಿಯಂ ಪ್ಯಾಕ್ ನಾನೇ ಕಟ್ಟಿಕೊಳ್ಳುತ್ತೇನೆ ಸರ್, ವಿಡಿಯೋಗಳನ್ನೆಲ್ಲ ನೋಡಿದ್ದೇನೆ. ಯಾವ ಸೆಲ್ ಹಾಕಿದರೆ ಹೆಚ್ಚು ಕಿಲೋಮೀಟರ್ ಬರುತ್ತದೆ, ಅಷ್ಟು ಹೇಳಿ” ಎಂದರು.

“ರಾತ್ರಿ ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ?”

“ಪಡಸಾಲೆಯಲ್ಲಿ. ಹೊರಗೆ ಬಿಟ್ಟರೆ ಬೆಳಗ್ಗೆ ಇರುತ್ತದೆಯೇ?”

“ಚಾರ್ಜಿಗೆ ಹಾಕುವುದು?”

“ಅಲ್ಲೇ, ಬಾಗಿಲ ಪಕ್ಕದ ಪ್ಲಗ್ಗಿಗೆ.”

“ಪಡಸಾಲೆಯಲ್ಲಿ ಮಲಗುವವರು ಯಾರು?”

ಅವರು ಸ್ವಲ್ಪ ತಡೆದು, “ನಮ್ಮ ತಂದೆ” ಎಂದರು.

ಕಿಲೋಮೀಟರಿನ ಲೆಕ್ಕ ಆಮೇಲೆ ಮಾಡಿದೆವು. ಯಾವ ಪ್ಯಾಕ್ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಪಡಸಾಲೆಯಲ್ಲೇ ಸಿಕ್ಕಿತ್ತು.

ಎರಡು ಜಾತಿ

ಲಿಥಿಯಂ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವ ಸೆಲ್‌ಗಳಲ್ಲಿ ಸೈಕಲ್ಲಿಗೆ ಬರುವವು ಮುಖ್ಯವಾಗಿ ಎರಡು ಜಾತಿ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಎನ್‌ಎಂಸಿ ಒಂದು. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಇನ್ನೊಂದು. ಎನ್‌ಎಂಸಿ ಸೆಲ್ಲಿನ ಹೆಸರಿಗಿರುವ ವೋಲ್ಟೇಜ್ 3.6, ತುಂಬಿದಾಗ 4.2. ಎಲ್‌ಎಫ್‌ಪಿಯದು 3.2, ತುಂಬಿದಾಗ 3.65. ಹಾಗಾಗಿ 48 ವೋಲ್ಟಿನ ಪ್ಯಾಕಿಗೆ ಎನ್‌ಎಂಸಿಯಾದರೆ 13 ಸೆಲ್‌ಗಳ ಸರಣಿ ಸಾಕು, ಎಲ್‌ಎಫ್‌ಪಿಯಾದರೆ 15 ಅಥವಾ 16 ಬೇಕು.

ಎಲ್‌ಎಫ್‌ಪಿಯನ್ನು 1997ರಲ್ಲಿ ಲೋಕಕ್ಕೆ ತಿಳಿಸಿದ ಲೇಖನದ ತಲೆಯಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರನ್ನು ಮೊದಲ ಸಲ ಓದಿದ ದಿನ ನನಗೆ ಕಾರಣವಿಲ್ಲದೆ ಖುಷಿಯಾಗಿತ್ತು.

ಈ ಎರಡರ ನಡುವಿನ ದೊಡ್ಡ ವ್ಯತ್ಯಾಸ ಆಮ್ಲಜನಕದ್ದು. ಎನ್‌ಎಂಸಿ ಸೆಲ್ ಮಿತಿ ಮೀರಿ ಕಾದಾಗ ಅದರ ಒಳಗಿನ ವಸ್ತು ಒಡೆದು ಆಮ್ಲಜನಕವನ್ನು ಬಿಡುತ್ತದೆ. ಬೆಂಕಿಗೆ ಬೇಕಾದ ಗಾಳಿ ಬೆಂಕಿಯೊಳಗೇ ಹುಟ್ಟುತ್ತದೆ ಎಂದ ಮೇಲೆ ಕಂಬಳಿ ಹೊದಿಸಿ, ಮಣ್ಣು ಸುರಿದು ಅದನ್ನು ಉಸಿರುಗಟ್ಟಿಸುವುದು ಆಗದ ಮಾತು. ಎಲ್‌ಎಫ್‌ಪಿಯಲ್ಲಿ ಆಮ್ಲಜನಕವನ್ನು ರಂಜಕ ಗಟ್ಟಿಯಾಗಿ ಹಿಡಿದುಕೊಂಡಿದೆ. ಅದು ಸುಲಭಕ್ಕೆ ಬಿಡುವುದಿಲ್ಲ. ತಾನೇ ತಾನಾಗಿ ಕಾವೇರುತ್ತಾ ಹೋಗುವ ಹಂತವನ್ನು ಎನ್‌ಎಂಸಿ ಸುಮಾರು 210 ಡಿಗ್ರಿಯಲ್ಲಿ ಮುಟ್ಟಿದರೆ, ಎಲ್‌ಎಫ್‌ಪಿ ಸುಮಾರು 270ರಲ್ಲಿ ಮುಟ್ಟುತ್ತದೆ, ಅದೂ ಹೆಚ್ಚು ಅಬ್ಬರವಿಲ್ಲದೆ. ಎಲ್‌ಎಫ್‌ಪಿಗೆ ಬೆಂಕಿಯೇ ಹತ್ತುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಅದನ್ನು ನಂಬಬೇಡಿ. ಒಳಗಿನ ದ್ರವ ಎರಡರಲ್ಲೂ ಉರಿಯುವಂಥದ್ದೇ, ಹೊರಬರುವ ಹೊಗೆಯೂ ಹೊತ್ತಿಕೊಳ್ಳುವಂಥದ್ದೇ. ಆದರೆ ತಂದೆ ಮಲಗುವ ಪಡಸಾಲೆಯಲ್ಲಿ ಇಡಲೇಬೇಕಾಗಿ ಬಂದರೆ ನಾನು ಯಾವುದನ್ನು ಇಡುತ್ತೇನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತೂಕದ ವಿಷಯ. 32700 ಎಂಬ ಅಳತೆಯ ಎಲ್‌ಎಫ್‌ಪಿ ಸೆಲ್ 32 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ, 6 ಆಂಪ್ ಅವರ್, ತೂಕ 140 ಗ್ರಾಂ ಆಸುಪಾಸು. ಇಂಥ 32 ಸೆಲ್ ಸೇರಿಸಿದರೆ 614 ವ್ಯಾಟ್ ಅವರ್ (ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿದರೆ ಬರುವ ಶಕ್ತಿಯ ಲೆಕ್ಕ), ಬರೀ ಸೆಲ್ಲಿನ ತೂಕ ನಾಲ್ಕೂವರೆ ಕೆ.ಜಿ. ಅಷ್ಟೇ ಶಕ್ತಿಯನ್ನು 2.6 ಆಂಪ್ ಅವರ್‌ನ, 18650 ಎಂಬ ಅಳತೆಯ ಎನ್‌ಎಂಸಿ ಸೆಲ್‌ಗಳಿಂದ ಪಡೆಯಲು 65 ಬೇಕು, ತೂಕ ಮೂರು ಕೆ.ಜಿ. ಒಂದೂವರೆ ಕೆ.ಜಿ. ವ್ಯತ್ಯಾಸಕ್ಕೆ ಜನ ಎಷ್ಟು ವಾದ ಮಾಡುತ್ತಾರೆಂದರೆ, ಅದೇ ಜನ ಸಂತೆಯಿಂದ ಬರುವಾಗ ಹ್ಯಾಂಡಲ್ಲಿಗೆ ಐದು ಕೆ.ಜಿ. ಈರುಳ್ಳಿ ನೇತುಹಾಕಿಕೊಂಡು ಬರುತ್ತಾರೆ. ನಿಜವಾದ ತೊಡಕು ತೂಕಕ್ಕಿಂತ ಜಾಗದ್ದು. ಎಲ್‌ಎಫ್‌ಪಿ ಪ್ಯಾಕ್ ಸುಮಾರು ಒಂದೂಮುಕ್ಕಾಲು ಪಟ್ಟು ಜಾಗ ಕೇಳುತ್ತದೆ. ಸೈಕಲ್ಲಿನ ಚೌಕಟ್ಟಿನ ತ್ರಿಕೋನದಲ್ಲಿ ಚೀಲ ಕಟ್ಟಿ ಇಡಬೇಕೆಂದರೆ ಎನ್‌ಎಂಸಿ ಕೂರುತ್ತದೆ, ಎಲ್‌ಎಫ್‌ಪಿ ಕೂರದೆ ಮೊಣಕಾಲಿಗೆ ತಾಗುತ್ತದೆ.

ಚಿತ್ರದುರ್ಗದಲ್ಲಿರುವ ನನ್ನ ಷಡ್ಡಕನ ಲೆಕ್ಕವೇ ಬೇರೆ. ಅವನ ಮನೆ ಮೂರನೇ ಮಹಡಿಯಲ್ಲಿದೆ, ಸೈಕಲ್ ಕೆಳಗೇ ನಿಲ್ಲುತ್ತದೆ, ಪ್ಯಾಕ್ ಕಳಚಿ ಮೇಲೆ ಒಯ್ಯಬೇಕು. ಅವನು ಎನ್‌ಎಂಸಿ ಹಾಕಿಸಿಕೊಂಡ. ಚಾರ್ಜ್ ಮಾಡುವುದು ಸಂಜೆ, ತಾನು ಎಚ್ಚರವಿರುವಾಗ, ಬಾಲ್ಕನಿಯ ಬರೀ ನೆಲದ ಮೇಲೆ. ಅವನ ಆಯ್ಕೆಯನ್ನು ತಪ್ಪೆಂದು ನಾನು ಹೇಳುವುದಿಲ್ಲ. ದುರ್ಗದ ಏರುದಾರಿ ಬ್ಯಾಟರಿಯನ್ನು ಹೇಗೆ ಕುಡಿಯುತ್ತದೆ ಎಂದು ಅವನು ಹೇಳುವುದನ್ನು ಕೇಳಬೇಕು. ಆಷಾಢದಲ್ಲಂತೂ, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲಿರುಳು ತಿರುಗುವ ದಿನಗಳಲ್ಲಿ, ಎದುರುಗಾಳಿಗೆ ಕಾಲುಭಾಗ ಹೋಗಿಬಿಡುತ್ತದೆಯಂತೆ.

ಆಯಸ್ಸಿನಲ್ಲಿ ಎಲ್‌ಎಫ್‌ಪಿ ಬಹಳ ಮುಂದೆ. ಒಳ್ಳೆಯ ಸೆಲ್ಲಾದರೆ 2,000 ಸಲ ತುಂಬಿ ಖಾಲಿ ಮಾಡಬಹುದು, ಎನ್‌ಎಂಸಿ 500ರಿಂದ 1,000. ಎನ್‌ಎಂಸಿಗೆ ನಮ್ಮ ಬೇಸಿಗೆಯಲ್ಲಿ ಪೂರ್ತಿ ತುಂಬಿ ಇಡುವುದೂ ಒಂದು ಶಿಕ್ಷೆಯೇ, ಸೆಲ್ಲಿಗೆ 4.1 ವೋಲ್ಟಿಗೆ ನಿಲ್ಲುವ ಚಾರ್ಜರ್ ಹಾಕಿದರೆ ಹೆಚ್ಚು ದಿನ ಬಾಳುತ್ತದೆ.

ಎಲ್‌ಎಫ್‌ಪಿಯ ಒಂದು ದುರ್ಗುಣವನ್ನೂ ಹೇಳಿಬಿಡಬೇಕು. ಅದರ ವೋಲ್ಟೇಜ್ ತುಂಬಿದ ಹತ್ತಿರದಿಂದ ಖಾಲಿಯಾಗುವ ಹತ್ತಿರದವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹ್ಯಾಂಡಲ್ ಮೇಲಿನ ನಾಲ್ಕು ಕಡ್ಡಿಯ ಮೀಟರ್ ವೋಲ್ಟೇಜ್ ನೋಡಿ ಕಡ್ಡಿ ಎಣಿಸುವ ಜಾತಿಯದು. ಮೂರು ಕಡ್ಡಿ ಇದೆ ಎಂದು ನಂಬಿ ಹೊರಟ ನಾನು ಹಳೆಯ ಪಿ.ಬಿ. ರಸ್ತೆಯಲ್ಲಿ ಐದು ಕಿಲೋಮೀಟರ್ ತುಳಿದುಕೊಂಡು ಬಂದಿದ್ದೇನೆ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಮೀಟರ್, ಅಂದರೆ ಶಂಟ್ ಇರುವಂಥದ್ದನ್ನು ಹಾಕಿಕೊಳ್ಳಿ.

ಎಷ್ಟು ಬೇಕು?

ದಾವಣಗೆರೆಯಂಥ ಸಮತಟ್ಟಿನಲ್ಲಿ ಸ್ವಲ್ಪ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10ರಿಂದ 13 ವ್ಯಾಟ್ ಅವರ್ ಸಾಕು; ಕಾಲು ಅಲ್ಲಾಡಿಸದೆ ಕೂತರೆ 15 ದಾಟುತ್ತದೆ. ಹರಿಹರದವರಿಗೆ 28 ಕಿಲೋಮೀಟರಿಗೆ 13ರಂತೆ 364. ಪ್ಯಾಕಿನ ನೂರಕ್ಕೆ ಎಂಬತ್ತನ್ನು ಮಾತ್ರ ಬಳಸುವುದೆಂದರೆ 455. ಅಂದರೆ 48 ವೋಲ್ಟ್, 10 ಆಂಪ್ ಅವರ್. ಅವರು ಕೇಳಿದ್ದು 20. ಇಮ್ಮಡಿ ಸೆಲ್ಲಿಗೆ ಇಮ್ಮಡಿ ದುಡ್ಡು, ಇಮ್ಮಡಿ ಬೆಸುಗೆ, ಇಮ್ಮಡಿ ತಪ್ಪು. ಬೆಲೆಯನ್ನು ನಾನು ಬರೆಯುತ್ತಿಲ್ಲ, ಇಂದಿನದು ನಾಳೆಗಿಲ್ಲ.

ಬೆಸುಗೆಯೋ ನಟ್ಟೋ

ಮನೆಯಲ್ಲಿ ಕಟ್ಟುವವರು ಎಡವುವುದು ಸೆಲ್‌ಗಳನ್ನು ಜೋಡಿಸುವಲ್ಲಿ. 18650 ಆಗಲಿ 32700 ಆಗಲಿ, ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಬೇಕು. ಸಾಲ್ಡರಿಂಗ್ ಐರನ್ನಿನಿಂದ ನೇರವಾಗಿ ಸೆಲ್ಲಿಗೆ ಬೆಸೆಯುವವರಿದ್ದಾರೆ. ಐರನ್ನಿನ ತುದಿ 350 ಡಿಗ್ರಿ. ಸೆಲ್ಲಿನೊಳಗೆ ಎರಡು ಪದರಗಳನ್ನು ಬೇರೆಯಾಗಿಡುವ ಪ್ಲಾಸ್ಟಿಕ್ ಹಾಳೆ 130ರ ಹೊತ್ತಿಗೇ ಕರಗತೊಡಗುತ್ತದೆ. ಆ ಸೆಲ್ ಅಂದೇ ಕೆಡದಿರಬಹುದು, ಆರು ತಿಂಗಳ ನಂತರ ಕೆಡಬಹುದು. ಯಾವ ರಾತ್ರಿ ಎಂದು ಅದು ಹೇಳಿ ಕೆಡುವುದಿಲ್ಲ.

ಪಟ್ಟಿಯಲ್ಲೂ ಮೋಸವಿದೆ. ನಿಕಲ್ ಲೇಪಿಸಿದ ಉಕ್ಕನ್ನು ಶುದ್ಧ ನಿಕಲ್ ಎಂದು ಕೊಡುತ್ತಾರೆ. ಉಕ್ಕಿನ ತಡೆ ಸುಮಾರು ಎರಡು ಪಟ್ಟು; ಅಷ್ಟೇ ಕರೆಂಟಿಗೆ ಅದು ಎರಡು ಪಟ್ಟು ಬಿಸಿಯಾಗುತ್ತದೆ. ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನವಿಲ್ಲ, ನಿಕಲ್ಲೂ ಅಂಟಿಕೊಳ್ಳುತ್ತದೆ. ಒಂದು ತುಂಡನ್ನು ಉಪ್ಪುಕಾಗದದಿಂದ ಉಜ್ಜಿ, ಉಪ್ಪುನೀರಿನ ಲೋಟದಲ್ಲಿ ಒಂದೆರಡು ದಿನ ಬಿಡಿ. ತುಕ್ಕಿನ ಬಣ್ಣ ಇಳಿದರೆ ಅಂಗಡಿಯವನಿಗೆ ವಾಪಸ್ ಕೊಡಿ. 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಶುದ್ಧ ಪಟ್ಟಿಯಲ್ಲಿ 5 ಆಂಪ್ ಆಸುಪಾಸು ನಿಶ್ಚಿಂತೆಯಾಗಿ ಹೋಗುತ್ತದೆ. ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ 15 ಆಂಪ್ ಎಳೆಯುವಂಥದ್ದಾದರೆ ಕರೆಂಟನ್ನು ಪಕ್ಕಪಕ್ಕದ ಹಲವು ಪಟ್ಟಿಗಳಿಗೆ ಹಂಚಬೇಕು.

ಬೆಸುಗೆ ಕೂತಿದೆಯೇ ಎಂದು ನೋಡುವ ಬಗೆ ಒಂದೇ. ಸತ್ತ ಸೆಲ್ಲಿನ ಮೇಲೆ ಪಟ್ಟಿ ಬೆಸೆದು, ನೋಸ್ ಪ್ಲೈಯರಿನಿಂದ ಹಿಡಿದು ಸುರುಳಿ ಸುತ್ತುವಂತೆ ಎಳೆಯಿರಿ. ಚಿಟ್ ಎಂದು ಬಿಟ್ಟುಕೊಂಡರೆ ಬೆಸುಗೆ ಸುಳ್ಳು. ಪಟ್ಟಿಯೇ ಹರಿದು, ಸೆಲ್ಲಿನ ಮೇಲೆ ಸಾಸಿವೆ ಕಾಳಿನಷ್ಟು ನಿಕಲ್ ಚುಕ್ಕೆಗಳು ಉಳಿದರೆ ಆ ಹದವನ್ನು ಬರೆದಿಟ್ಟುಕೊಳ್ಳಿ. ಇನ್ನೊಂದು: ಸೆಲ್ಲಿನ ಇಡೀ ಡಬ್ಬಿ ಮೈನಸ್, ಪ್ಲಸ್ ತುದಿಯ ಅಂಚಿನವರೆಗೂ ಮೈನಸ್. ನಡುವೆ ಇರುವುದು ತೆಳ್ಳನೆಯ ಹೊದಿಕೆ ಮಾತ್ರ. ಪ್ಲಸ್ ತುದಿಗೆ ಬಾರ್ಲಿ ಪೇಪರಿನ, ಅಂದರೆ ಕರೆಂಟ್ ಹಾಯದ ಗಟ್ಟಿ ಕಾಗದದ, ಬಿಲ್ಲೆ ಅಂಟಿಸದೆ ಪಟ್ಟಿ ಎಳೆಯಬೇಡಿ.

ಬೆಸುಗೆಯ ಗೋಜೇ ಬೇಡ ಎನ್ನುವವರಿಗೆ ತುದಿಯಲ್ಲಿ ತಿರುಪು ಇರುವ ಎಲ್‌ಎಫ್‌ಪಿ ಸೆಲ್‌ಗಳಿವೆ. 38120 ಎಂಬ ಅಳತೆಯದು 10 ಆಂಪ್ ಅವರ್, ತೂಕ ಸುಮಾರು 330 ಗ್ರಾಂ. ಹದಿನಾರು ಸೆಲ್, ತಾಮ್ರದ ಪಟ್ಟಿ, ನಟ್ಟು, ಮುಗಿಯಿತು: 51.2 ವೋಲ್ಟ್, 512 ವ್ಯಾಟ್ ಅವರ್, ಐದೂಕಾಲು ಕೆ.ಜಿ. ಹರಿಹರದವರ ಸೀಸದ ಬ್ಯಾಟರಿಗಳು ಹದಿನಾರು ಕೆ.ಜಿ. ತೂಗುತ್ತಿದ್ದವು. ಒಂದು ಸೆಲ್ ಕೆಟ್ಟರೆ ಅದೊಂದನ್ನೇ ಬಿಚ್ಚಿ ತೆಗೆಯಬಹುದು. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ.

ಇದಕ್ಕೂ ಅದರದೇ ಕಾಟವಿದೆ. ನಮ್ಮ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ. ಸಡಿಲ ಜಾಗ ಕಾಯುತ್ತದೆ, ಕಾದ ಜಾಗ ಕಪ್ಪಾಗುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ. ಮೊದಲ 50 ಕಿಲೋಮೀಟರಿಗೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಿಗಿ ನೋಡಿ. ಬಿಗಿಯುವಾಗ ಪಾನಾಕ್ಕೆ ಇನ್ಸುಲೇಷನ್ ಟೇಪ್ ಸುತ್ತಿರಬೇಕು, ಉಂಗುರ, ಬೆಳ್ಳಿ ಕಡಗ ಕಳಚಿಟ್ಟಿರಬೇಕು. ಒಮ್ಮೆ ಅವಸರದಲ್ಲಿ ಟೇಪ್ ಸುತ್ತದ 10ರ ಪಾನಾ ನನ್ನ ಕೈಜಾರಿ ಎರಡು ಪಟ್ಟಿಗಳ ಮೇಲೆ ಅಡ್ಡ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಬೆಳಕು, ಪಾನಾದ ಅಂಚಿನಲ್ಲಿ ಅಡಿಕೆಯ ಅರ್ಧದಷ್ಟು ಕಚ್ಚು. ಆ ಪಾನಾ ಈಗಲೂ ಅಂಗಡಿಯ ಗೋಡೆಯ ಮೊಳೆಗೆ ನೇತಾಡುತ್ತಿದೆ. ಕಲಿಯಲು ಬರುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ.

ಸೆಲ್ ಎಲ್ಲಿಂದ?

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್‌ಗಳು ಅಗ್ಗ. ಟಾರ್ಚಿಗೆ, ರೇಡಿಯೋಗೆ ಹಾಕಿಕೊಳ್ಳಿ. ಸೈಕಲ್ಲಿಗೆ ಬೇಡ. ಪ್ರತಿ ಸೆಲ್ಲಿನ ವಯಸ್ಸು, ಒಳತಡೆ ಬೇರೆ ಬೇರೆ. ಸರಣಿಯಲ್ಲಿ ಅತಿ ದುರ್ಬಲವಾದ ಗುಂಪು ಮೊದಲು ಖಾಲಿಯಾಗುತ್ತದೆ, ಮೊದಲು ತುಂಬುತ್ತದೆ, ಎರಡು ಕಡೆಯಿಂದಲೂ ಏಟು ತಿನ್ನುತ್ತದೆ.

ಹೊಸದೆಂದು ಮಾರುವುದರಲ್ಲೂ ಕಣ್ಣು ಬೇಕು. 18650 ಸೆಲ್ಲಿನ ಮೇಲೆ 9,900 ಎಂಎಎಚ್ (ಮಿಲಿ ಆಂಪ್ ಅವರ್) ಎಂದು ಅಚ್ಚು ಹಾಕಿದ್ದರೆ ಅದು ಹಸಿ ಸುಳ್ಳು. ಆ ಗಾತ್ರದಲ್ಲಿ ಸಾಮಾನ್ಯವಾಗಿ 3,500ರ ಆಸುಪಾಸೇ ಮೇಲುಮಿತಿ. ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದನ್ನು ತೂಗಿಸಿ ನೋಡಿದ್ದೆ, 31 ಗ್ರಾಂ ಬಂತು. ಸರಿಯಾದ ಸೆಲ್ 45ರ ಹತ್ತಿರ ತೂಗಬೇಕು. “ಇದು ಚಿನ್ನಕ್ಕಿಂತ ಮೋಸದ ವ್ಯಾಪಾರ” ಎಂದು ಅವರು ನಕ್ಕರು. ತೂಕ ಸರಿಯಿದ್ದರೂ ಒಳತಡೆ ಅಳೆಯುವ ಮೀಟರಿನಿಂದ ಎಲ್ಲವನ್ನೂ ನೋಡಿ, ಗುಂಪಿನಿಂದ ಹೊರಗೆ ನಿಲ್ಲುವ ಸೆಲ್‌ಗಳನ್ನು ಬೇರೆ ಇಡಿ.

ಕಾವಲುಗಾರ ಮತ್ತು ಚಾರ್ಜರ್

ಬಿಎಂಎಸ್, ಅಂದರೆ ಪ್ರತಿ ಸೆಲ್ಲಿನ ವೋಲ್ಟೇಜ್ ನೋಡಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಬೋರ್ಡ್, ಇಲ್ಲದೆ ಪ್ಯಾಕ್ ಇಲ್ಲ. ಕಂಟ್ರೋಲರ್ ಎಳೆಯುವ ಗರಿಷ್ಠ ಕರೆಂಟಿಗಿಂತ ಸ್ವಲ್ಪ ಹೆಚ್ಚಿನದು, ಶಾಖ ತಿಳಿಯುವ ವೈರ್ ಇರುವುದು, ನಿಮ್ಮ ಸೆಲ್ಲಿನ ಜಾತಿಗೇ ಮಾಡಿದ್ದು ಬೇಕು. ಎನ್‌ಎಂಸಿಯ ಬಿಎಂಎಸ್ ಅನ್ನು ಎಲ್‌ಎಫ್‌ಪಿಗೆ ಹಾಕಿದರೆ ಸೆಲ್ 4.2 ವೋಲ್ಟ್ ಮುಟ್ಟುವವರೆಗೂ ಅದು ಸುಮ್ಮನಿರುತ್ತದೆ. 16 ಸೆಲ್ಲಿಗೆ 17 ತೆಳು ವೈರ್‌ಗಳು ಬರುತ್ತವೆ. ಕನೆಕ್ಟರ್ ಚುಚ್ಚುವ ಮೊದಲು ಪಕ್ಕಪಕ್ಕದ ಎರಡೆರಡು ಪಿನ್ನಿನ ನಡುವೆ ಮಲ್ಟಿಮೀಟರ್ ಹಿಡಿದು ಪ್ರತಿಸಲ 3.3ರ ಆಸುಪಾಸು ಬರುತ್ತದೆಯೇ ನೋಡಿ. ಒಂದು ಜಾಗದಲ್ಲಿ 6.6 ಬಂದರೆ ವೈರ್ ತಪ್ಪಿದೆ. ಬಿಎಂಎಸ್ ಎಲ್ಲವನ್ನೂ ಸರಿದೂಗಿಸುತ್ತದೆ ಎಂಬ ನಂಬಿಕೆಯೂ ಬೇಡ. ಸಾಮಾನ್ಯ ಬೋರ್ಡಿನ ಸಮತೋಲನದ ಕರೆಂಟ್ 50 ಮಿಲಿ ಆಂಪ್ ಆಸುಪಾಸು. ಒಂದು ಆಂಪ್ ಅವರ್‌ನ ಅಂತರ ತುಂಬಲು ಇಪ್ಪತ್ತು ತಾಸು.

ಪ್ಲಸ್ ವೈರಿಗೆ ಫ್ಯೂಸ್ ಹಾಕಿ. ಕಾರಿನ ಬಣ್ಣಬಣ್ಣದ ಫ್ಯೂಸ್ ಸಾಮಾನ್ಯವಾಗಿ 32 ವೋಲ್ಟಿನದು. 50 ವೋಲ್ಟಿನಲ್ಲಿ ಅದು ಸುಟ್ಟರೂ ಕಿಡಿ ನಿಲ್ಲದೆ ಮುಂದುವರಿಯಬಹುದು. 80 ವೋಲ್ಟಿನದೇ ಕೇಳಿ.

ಹದಿನಾರು ಎಲ್‌ಎಫ್‌ಪಿ ಸೆಲ್ ತುಂಬಿದಾಗ 58.4 ವೋಲ್ಟ್. ಕಂಟ್ರೋಲರ್ ಬಿಚ್ಚಿ ಒಳಗಿನ ದೊಡ್ಡ ಕೆಪಾಸಿಟರಿನ ಮೇಲೆ 63 ವೋಲ್ಟ್ ಎಂದಿದೆಯೇ ನೋಡಿ. ಅದಕ್ಕಿಂತ ಕಡಿಮೆ ಇದ್ದರೆ 15 ಸೆಲ್ಲಿಗೆ ಇಳಿಯಿರಿ, 54.75ಕ್ಕೆ ನಿಲ್ಲುತ್ತದೆ, ಅದು 13 ಎನ್‌ಎಂಸಿಯ 54.6ಕ್ಕೆ ಸರಿಸಮ. ಸೀಸದ ಬ್ಯಾಟರಿಯ ಹಳೆಯ ಚಾರ್ಜರನ್ನು ಯಾರಿಗಾದರೂ ಕೊಟ್ಟುಬಿಡಿ, ಮನೆಯಲ್ಲಿದ್ದರೆ ಒಂದು ದಿನ ಯಾರಾದರೂ ಚುಚ್ಚುತ್ತಾರೆ. ಬಿಸಿಲಿನಿಂದ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ಸೆಲ್‌ಗಳಿಗೆ ಚಾರ್ಜ್ ಆಗುವಾಗಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಕೈ, ಕಾಲು, ಮುಖ ತೊಳೆದು, ಊಟ ಮಾಡಿ, ಆಮೇಲೆ ಹಾಕಿ. ಹೊರಗೆ ಓಡುವ ಬಾಗಿಲ ಪಕ್ಕದಲ್ಲಂತೂ ಬೇಡ. ಹೊಗೆ ಕಂಡರೆ ಮೊದಲು ಜನ ಹೊರಗೆ, ಆಮೇಲೆ 112ಕ್ಕೆ ಕರೆ.

ಯಾರು ಕಟ್ಟಬಾರದು?

ನೋಂದಣಿಯಾದ ಎಲೆಕ್ಟ್ರಿಕ್ ಸ್ಕೂಟರಿಗೆ ಮನೆಯ ಪ್ಯಾಕ್ ಬೇಡವೇ ಬೇಡ. ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಪ್ರಕರಣಗಳ ನಂತರ ವಾಹನದ ಬ್ಯಾಟರಿಯ ಸುರಕ್ಷತೆಗಿರುವ ಎಐಎಸ್ 156 ನಿಯಮವನ್ನು ಬಿಗಿಮಾಡಿ, ಆ ವರ್ಷದ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಎಂದು ಜಾರಿಗೆ ತಂದರು. ಅಲ್ಲಿ ಪ್ಯಾಕಿಗೆ ಮಾಡುವ ಪರೀಕ್ಷೆಗಳಲ್ಲಿ ಒಂದನ್ನೂ ನಾವು ಮನೆಯಲ್ಲಿ ಮಾಡಲಾರೆವು. ಮೋಟಾರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ 25 ಕಿಲೋಮೀಟರ್ ಒಳಗೆ ಇರುವ ಸೈಕಲ್ಲಿನ ಬಗ್ಗೆ ಮಾತ್ರ ನಾನಿಲ್ಲಿ ಹೇಳುತ್ತಿರುವುದು.

ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಸಿದ್ಧ ಪ್ಯಾಕನ್ನೇ ಕೊಳ್ಳಲಿ. ಮಾರುವವರನ್ನು ಯಾವ ಸೆಲ್, ಯಾವ ಬಿಎಂಎಸ್ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. “ಎ ಗ್ರೇಡ್ ಸರ್” ಎಂಬುದಷ್ಟೇ ಉತ್ತರವಾದರೆ ನಮಸ್ಕಾರ ಹೇಳಿ ಬನ್ನಿ. ಸತ್ತ ಸೆಲ್‌ಗಳನ್ನು ಕಸದ ಗಾಡಿಗೆ ಹಾಕುವಂತಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅವು ಮರುಬಳಕೆಗೆ ಹೋಗಬೇಕು; ನಾನು ಡಬ್ಬಿಯಲ್ಲಿ ಕೂಡಿಟ್ಟು ಒಟ್ಟಿಗೆ ಕಳಿಸುತ್ತೇನೆ.

ಹರಿಹರದವರು ತಿರುಪಿನ ಸೆಲ್‌ಗಳನ್ನೇ ತಂದರು. ಎರಡು ಭಾನುವಾರ ನನ್ನ ಮೇಜಿನ ಮೇಲೆ ಕೂತು ಅವರೇ ಕಟ್ಟಿದರು, ನಾನು ನೋಡುತ್ತಿದ್ದೆ. ಪ್ಲಗ್ಗನ್ನು ಪಡಸಾಲೆಯಿಂದ ಹಿತ್ತಲ ಬಚ್ಚಲ ಗೋಡೆಗೆ, ಮಳೆ ತಾಗದ ಸೂರಿನ ಕೆಳಗೆ ಬದಲಿಸಿದ್ದಾರೆ. ಮೂರು ವಾರದ ನಂತರ ಮಗಳ ಗಣಿತದ ನೋಟ್‌ಪುಸ್ತಕದ ಕೊನೆಯ ಹಾಳೆ ಹಿಡಿದು ಬಂದರು. ಪ್ರತಿ ಭಾನುವಾರ ಹದಿನಾರು ಸೆಲ್ಲಿನ ವೋಲ್ಟೇಜ್ ಬರೆದಿದ್ದರು. ಒಂಬತ್ತನೆಯದು ಪ್ರತಿಸಲ ಉಳಿದವುಗಳಿಗಿಂತ 0.02 ಕಡಿಮೆ. ಡಬ್ಬಿ ಬಿಚ್ಚಿ ನೋಡಿದರೆ ಅಲ್ಲಿನ ನಟ್ಟು ಬೆರಳಿಗೇ ಕಾಲು ಸುತ್ತು ತಿರುಗಿತು. ಬಿಗಿದು, ತಲೆಯ ಮೇಲೆ ಕೆಂಪು ನೇಲ್ ಪಾಲಿಷ್‌ನ ಗೆರೆ ಎಳೆದು ಕಳಿಸಿದೆ.